ಜೈವಿಕ ವಿಘಟನೀಯ ಸಸ್ಯಜನ್ಯ ಪ್ಲಾಸ್ಟಿಕ್ ಸಂಯುಕ್ತಗಳು: ಅಡಿಕೆ ನಾಡಿನ ಕಚ್ಚಾವಸ್ತುಗಳು

ರಚನೆ: ಸಂಯುಕ್ತದಲ್ಲಿ ಎರಡು ಭಾಗ. ಹಿಡಿದಿಡುವ ಆಧಾರ ವಸ್ತು ಮತ್ತು ಬಲ ಕೊಡುವ ನಾರು.

ಆಧಾರ ವಸ್ತುಗಳು:
• ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಮ್ಲ): ಮೆಕ್ಕೆಜೋಳ, ಕಬ್ಬಿನ ಸಕ್ಕರೆಯ ಹುದುಗುವಿಕೆಯಿಂದ
• ಪಿಎಚ್‌ಎ (ಪಾಲಿಹೈಡ್ರಾಕ್ಸಿಆಲ್ಕನೋಯೇಟ್): ಬ್ಯಾಕ್ಟೀರಿಯಾಗಳಿಂದ
• ಪಿಷ್ಟ: ಮರಗೆಣಸು, ಮೆಕ್ಕೆಜೋಳದಿಂದ, ಮೃದುಗೊಳಿಸಲು ಗ್ಲಿಸರಾಲ್

ನಾರುಗಳು: ಅಡಿಕೆ ಸಿಪ್ಪೆ, ತೆಂಗಿನ ನಾರು, ಬಾಳೆ ನಾರು, ಸೆಣಬು. ಇವುಗಳಲ್ಲಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಇರುತ್ತವೆ. ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಸಂಸ್ಕರಿಸಿದರೆ ನಾರು ಆಧಾರ ವಸ್ತುವಿಗೆ ಚೆನ್ನಾಗಿ ಅಂಟುತ್ತದೆ.

ಸ್ಥಳೀಯ ಮಹತ್ವ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ದಕ್ಷಿಣ ಕನ್ನಡದ ಅಡಿಕೆ ಬೆಳೆಯುವ ತಾಲ್ಲೂಕುಗಳು. ಅಡಿಕೆ ಸಿಪ್ಪೆ, ಹಾಳೆ (ಗರಿಯ ಅಗಲವಾದ ಬುಡ) ಇಲ್ಲಿ ಹೇರಳ. ಅಡಿಕೆ ಸಂಶೋಧನೆ ನಡೆಸುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಮುಖ್ಯ ಕೇಂದ್ರ ಕಾಸರಗೋಡಿನಲ್ಲಿದೆ; ಪ್ರಾದೇಶಿಕ ಕೇಂದ್ರ ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿದೆ.

ಗಮನಿಸಿ: ಹಾಳೆ ತಟ್ಟೆ ಪ್ಲಾಸ್ಟಿಕ್ ಸಂಯುಕ್ತವಲ್ಲ. ತೊಳೆದ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು, ಅಂಟು ಬೇಕಿಲ್ಲ.

ಗೊಂದಲ ಬೇಡ: ಸಸ್ಯಜನ್ಯವಾದದ್ದೆಲ್ಲ ಕೊಳೆಯುವುದಿಲ್ಲ. ಕಬ್ಬಿನ ಎಥನಾಲ್‌ನಿಂದ ತಯಾರಾದ ಪಾಲಿಎಥಿಲೀನ್ ವಿಘಟನೀಯವಲ್ಲ. ಪಿಎಲ್‌ಎ ಬೇಗ ಕೊಳೆಯಲು ಸುಮಾರು 58 ಡಿಗ್ರಿ ಸೆಲ್ಸಿಯಸ್‌ನ ಕೈಗಾರಿಕಾ ಕಾಂಪೋಸ್ಟ್ ಬೇಕು.

ಕಾನೂನು: ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, 2016. ಇವುಗಳಡಿ ಗುರುತಿಸಿದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ನಿಷೇಧ ದೇಶದಲ್ಲಿ 2022ರ ಜುಲೈ 1ರಿಂದ ಜಾರಿಯಲ್ಲಿದೆ.