ನೀರು ಕುಡಿದರೂ ಆರದ ನೀರಡಿಕೆ

ಬನಹಟ್ಟಿಯಲ್ಲಿ ನೇಕಾರಿಕೆ ಮಾಡುವ ನನ್ನ ಸೋದರಮಾವನವರಿಗೆ ದೊಡ್ಡಕರುಳಿನ ಹುಣ್ಣು, ಅಂದರೆ ಅಲ್ಸರೇಟಿವ್ ಕೊಲೈಟಿಸ್. ಔಷಧಿಗೆ ಬಗ್ಗದ್ದರಿಂದ ಆ ಕರುಳನ್ನೇ ತೆಗೆಯಬೇಕಾಯಿತು. ಸಣ್ಣಕರುಳಿನ ತುದಿಯನ್ನು ಮಡಚಿ ಹೊಲಿದು ಒಳಗೊಂದು ಸಂಚಿ ಮಾಡುವರು. 1978ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕಲ್ಸ್ ಎಂಬ ಶಸ್ತ್ರವೈದ್ಯರು ಪ್ರಕಟಿಸಿದ ವಿಧಾನವಿದು. ಸಂಚಿ ಮಾಯುವವರೆಗೆ ಕರುಳಿನ ಬಾಯನ್ನು ಹೊಟ್ಟೆಯ ಮೇಲೆ ತೆರೆದು, ಮಲವು ಹೊರಗೆ ಕಟ್ಟಿದ ಚೀಲಕ್ಕೆ ಬೀಳುವಂತೆ ಇಡುವರು.

ಮಾವನವರು ಮನೆಗೆ ಬಂದದ್ದು ವೈಶಾಖದಲ್ಲಿ. ಆ ತಿಂಗಳ ಬನಹಟ್ಟಿಯ ಬಿಸಿಲನ್ನು ನಮ್ಮ ವಾಚಕರಿಗೆ ವರ್ಣಿಸಬೇಕಾಗಿಲ್ಲ. ಚೀಲ ಮತ್ತೆ ಮತ್ತೆ ತುಂಬುತ್ತಿತ್ತು, ಮೂತ್ರ ಕಡಿಮೆಯಾಯಿತು, ಕಾಲು ಸೆಳೆಯತೊಡಗಿದವು. "ನೀರ ಕುಡದಷ್ಟೂ ನೀರಡಿಕಿ ಹೆಚ್ಚಾಗತೈತಿ ಅಳಿಯಾ" ಎಂದರು. ನಾವು ತಂಬಿಗೆಯ ಮೇಲೆ ತಂಬಿಗೆ ತಣ್ಣೀರು ಕೊಟ್ಟೆವು. ತಪ್ಪಿದ್ದುದೇ ಅಲ್ಲಿ.

ನೀರನ್ನೂ ಉಪ್ಪನ್ನೂ ಕೊನೆಗೆ ಹೀರಿಕೊಳ್ಳುವ ದೊಡ್ಡಕರುಳೇ ಇಲ್ಲದಾಗ ಎರಡೂ ಹೊರಗೆ ಹರಿದುಹೋಗುತ್ತವೆ. ಇಂಥವರು ಬರಿಯ ನೀರು ಹೆಚ್ಚು ಕುಡಿದರೆ ಸಣ್ಣಕರುಳು ರಕ್ತದಲ್ಲಿಯ ಉಪ್ಪನ್ನೇ ಆ ನೀರಿಗೆ ಬಿಟ್ಟುಕೊಡುತ್ತದೆ. ಕುಡಿದದ್ದು ಉಪ್ಪನ್ನು ಕಟ್ಟಿಕೊಂಡು ಹೊರಬೀಳುತ್ತದೆ! ಗ್ಲೂಕೋಸು ಜೊತೆಗಿದ್ದರೆ ಮಾತ್ರ ಉಪ್ಪು ಸುಲಭವಾಗಿ ಒಳಸೇರಿ, ಹಿಂದೆಯೇ ನೀರನ್ನೂ ಎಳೆದುಕೊಳ್ಳುತ್ತದೆ.

ಜಮಖಂಡಿಯ ವೈದ್ಯರು ಮೊದಲು ಚೀಲದ ಲೆಕ್ಕ ಕೇಳಿದರು. ದಿನಕ್ಕೆ ಒಂದೂವರೆ ಎರಡು ಲೀಟರಿಗೆ ಮೀರಿದರೆ ಅಪಾಯ. ರಕ್ತದಲ್ಲಿ ಸೋಡಿಯಂ, ಮೆಗ್ನೀಸಿಯಂ, ಕ್ರಿಯಾಟಿನಿನ್ ನೋಡಿಸಿದರು. ಸೋಂಕು ಅಥವಾ ಕರುಳಿನ ಅಡಚಣೆ ಇಲ್ಲವೆಂದು ಖಚಿತಪಡಿಸಿಕೊಂಡರು. ಸಲಾಯಿನ್ ಏರಿಸಿದ ಮೇಲೆ ಬರಿಯ ನೀರಿಗೆ ಮಿತಿ ಹಾಕಿ, ಊಟಕ್ಕೆ ಮುನ್ನ ಲೋಪೆರಮೈಡ್ ಗುಳಿಗೆ ಕೊಟ್ಟರು. ಕುಡಿಯಲು ಒಂದು ಲೀಟರ್ ನೀರಿಗೆ 20 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡಾ. ಸೇಂಟ್ ಮಾರ್ಕ್ಸ್ ಹೆಸರಿನಿಂದಲೇ ಪ್ರಸಿದ್ಧವಾದ ಪಾನಕವಿದು. ರುಚಿ ಮಾತ್ರ ಕೇಳಬೇಡಿರಿ.

ಮುಂದೆ ಹೊಟ್ಟೆಯ ಮೇಲಿನ ಬಾಯಿ ಮುಚ್ಚಿ, ಒಳಸಂಚಿ ಕೆಲಸ ಆರಂಭಿಸಿತು. ಕೆಲವು ತಿಂಗಳ ಬಳಿಕ ಮತ್ತೆ ಭೇದಿ. ಸಂಚಿಯ ಉರಿಯೂತವೆಂದು ಎಲ್ಲರೂ ಊಹಿಸಿದೆವು. ಆದರೆ ಹೊಲಿಗೆಯ ಜಾಗ ಸಂಕುಚಿತವಾದರೂ, ಕೆಳಗೆ ಉಳಿದ ಹಳೆಯ ಕರುಳಿನ ಅಂಚು ಕೆರಳಿದರೂ ಲಕ್ಷಣ ಹೆಚ್ಚುಕಡಿಮೆ ಒಂದೇ. ಚಿಕಿತ್ಸೆ ಬೇರೆ ಬೇರೆ. ಆದುದರಿಂದ ದುರ್ಬೀನು ಹಾಕಿ ನೋಡಿದರು. ಉರಿಯೂತವೇ ಆಗಿತ್ತು. ಎರಡು ವಾರ ಸಿಪ್ರೊಫ್ಲಾಕ್ಸಸಿನ್ ಕೊಟ್ಟು ಗುಣಪಡಿಸಿದರು.

ಈಗ ಮಾವನವರು ಮಗ್ಗದ ಬಳಿ ತಂಬಿಗೆ ಇಡುವುದಿಲ್ಲ. ಅಳತೆಯ ಬಾಟಲಿ ಇಡುತ್ತಾರೆ. ಅತ್ತೆಯವರು ಅಡಿಗೆಯಲ್ಲಿ ಉಪ್ಪನ್ನು ತುಸು ಮುಂದೆಯೇ ಹಾಕುತ್ತಾರೆ.