ನಿಂತಲ್ಲೇ ಚಿತ್ರ: ಬೀದಿಯ ಛಾಯಾಗ್ರಾಹಕನ ರಸಾಯನಶಾಸ್ತ್ರ

ಜಾತ್ರೆಯಲ್ಲಿಯೋ ಸಮುದ್ರತೀರದಲ್ಲಿಯೋ ನಿಂತು ದಾರಿಹೋಕರ ಭಾವಚಿತ್ರ ತೆಗೆದು ಮಾರುವವನಿಗೆ ಒಂದು ತೊಡಕುಂಟು. ಅಂಗಡಿಯಲ್ಲಿ ಕುಳಿತ ಛಾಯಾಗ್ರಾಹಕನು ‘ನಾಳಿದ್ದು ಬನ್ನಿ’ ಎಂದು ಹೇಳಬಲ್ಲನು. ಗಿರಾಕಿಗೆ ಅಂಗಡಿಯ ಜಾಗ ಗೊತ್ತಿದೆ. ಬೀದಿಯವನು ಹಾಗೆಂದರೆ ನಂಬುವವರಾರು? ಸಂಜೆಯ ಹೊತ್ತಿಗೆ ಗಿರಾಕಿ ಯಾವ ಊರಿನಲ್ಲಿರುವನೋ, ಇವನೆಲ್ಲಿರುವನೋ! ಆದುದರಿಂದ ಗಿರಾಕಿಯು ಎದುರಿಗೆ ನಿಂತಿರುವಷ್ಟು ಹೊತ್ತಿನಲ್ಲಿಯೇ ಚಿತ್ರವನ್ನು ತೆಗೆದು, ತೊಳೆದು, ಕೈಗೆ ಕೊಟ್ಟು, ಹಣ ಪಡೆಯಬೇಕು. ಈ ಕಾಯುವ ಕಾಲವನ್ನು ರಸಾಯನಶಾಸ್ತ್ರವು ಹೇಗೆ ಕುಗ್ಗಿಸುತ್ತ ಬಂದಿತು, ಅದರಿಂದ ಬೀದಿಯವನ ಸಂಪಾದನೆಗೆ ಏನಾಯಿತು ಎಂಬುದನ್ನು ಇಲ್ಲಿ ನೋಡೋಣ.

ಫಿಲ್ಮಿನ ಛಾಯಾಚಿತ್ರಕ್ಕೆಲ್ಲ ಆಧಾರ ಬೆಳ್ಳಿಯ ಲವಣಗಳು. ಬೆಳ್ಳಿಯ ಬ್ರೋಮೈಡಿನ ಸೂಕ್ಷ್ಮಕಣಗಳ ಮೇಲೆ ಬೆಳಕು ಬಿದ್ದರೆ ಕಣ್ಣಿಗೆ ಕಾಣದ ಒಂದು ಬದಲಾವಣೆ ಉಂಟಾಗುತ್ತದೆ. ಡೆವಲಪರ್ ಎಂಬ ದ್ರಾವಣದಲ್ಲಿ ಅದ್ದಿದಾಗ, ಬೆಳಕು ಕಂಡ ಕಣಗಳು ಮಾತ್ರ ಕಪ್ಪಾದ ಲೋಹದ ಬೆಳ್ಳಿಯಾಗಿ ಮಾರ್ಪಡುತ್ತವೆ. ಬೆಳಕು ಕಾಣದ ಕಣಗಳನ್ನು ಹೈಪೋ ದ್ರಾವಣವು ಕರಗಿಸಿ ತೆಗೆಯುತ್ತದೆ. ಹೀಗೆ ದೊರೆಯುವುದು ಬೆಳಕು ಕತ್ತಲೆಗಳು ಅದಲುಬದಲಾದ ನೆಗೆಟಿವ್. ಬಿಳಿಯ ಅಂಗಿ ಕಪ್ಪಾಗಿಯೂ ಕಪ್ಪು ಕೂದಲು ಬೆಳ್ಳಗೂ ಕಾಣುವ ಈ ಚಿತ್ರಕ್ಕೆ ಯಾವ ಗಿರಾಕಿಯೂ ಕಾಸು ಬಿಚ್ಚನು. ಇದರಿಂದ ಇನ್ನೊಂದು ಕಾಗದಕ್ಕೆ ಪ್ರಿಂಟು ಹಾಕಬೇಕು. ಎರಡನ್ನೂ ತೊಳೆದು ಒಣಗಿಸಬೇಕು. ಬೀದಿಯವನಿಗೆ ಕಂಟಕವಾದುದು ಈ ಎರಡನೆಯ ಸುತ್ತೇ.

ಮೊದಲ ಉಪಾಯ ಬಂದುದು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ. ಫ್ರಾನ್ಸಿನ ಅಡಾಲ್ಫ್ ಅಲೆಕ್ಸಾಂಡರ್ ಮಾರ್ಟಿನ್ 1853ರಲ್ಲಿ ಅದನ್ನು ವಿವರಿಸಿದನು. ಅಮೆರಿಕದಲ್ಲಿ ಹ್ಯಾಮಿಲ್ಟನ್ ಸ್ಮಿತ್ 1856ರಲ್ಲಿ ಪೇಟೆಂಟ್ ಪಡೆದನು. ತೆಳುವಾದ ಕಬ್ಬಿಣದ ತಗಡಿಗೆ ಕಪ್ಪು ವಾರ್ನಿಷ್ ಬಳಿದು, ಅದರ ಮೇಲೆ ಬೆಳ್ಳಿಯ ಲವಣದ ಪದರವನ್ನು ಹರಡುವುದು ಕ್ರಮ. ಈ ಪದರದಲ್ಲಿ ಮೂಡುವ ತೆಳು ಬೆಳ್ಳಿಯು ನಸುಬಿಳುಪಾಗಿರುತ್ತದೆ. ಹಿಂದೆ ಕಪ್ಪು ತಗಡು ಇರುವುದರಿಂದ ಬೆಳ್ಳಿ ಇರುವೆಡೆ ಬೆಳಕಾಗಿಯೂ ಇಲ್ಲದೆಡೆ ಕತ್ತಲೆಯಾಗಿಯೂ ತೋರುತ್ತದೆ. ಅಂದರೆ ನೆಗೆಟಿವ್ ಒಂದು ಕಪ್ಪು ಹಿನ್ನೆಲೆಯ ಸಹಾಯದಿಂದ ತಾನೇ ಪಾಸಿಟಿವ್ ಆಗಿ ಕಾಣುತ್ತದೆ, ಪ್ರಿಂಟು ಬೇಕಾಗಿಲ್ಲ. ಕೆಲವೇ ನಿಮಿಷಗಳಲ್ಲಿ ಚಿತ್ರ ಸಿದ್ಧ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರು ಇಂಥ ತಗಡಿನ ಚಿತ್ರಗಳನ್ನು ಮನೆಗೆ ಅಂಚೆಯಲ್ಲಿ ಕಳುಹಿಸಿದರು. ಗಾಜಿನಂತೆ ಒಡೆಯುವ ಭಯವಿರಲಿಲ್ಲ.

ಎರಡನೆಯ ಉಪಾಯ ನಮ್ಮ ಕಡೆಯವರಿಗೆ ಹೆಚ್ಚು ಪರಿಚಿತ. ಮೂರು ಕಾಲಿನ ಮೇಲೆ ಕುಳಿತ ದೊಡ್ಡ ಮರದ ಪೆಟ್ಟಿಗೆ, ಮುಂದೆ ಮಸೂರ, ಪಕ್ಕದಲ್ಲಿ ಕೈ ತೂರಿಸಲು ಕರಿಬಟ್ಟೆಯ ತೋಳು. ಜಯಪುರದ ಹವಾಮಹಲಿನ ಬಳಿ ಇಂಥ ಹಳೆಯ ಪೆಟ್ಟಿಗೆಯಿಂದ ಪ್ರವಾಸಿಗರ ಚಿತ್ರ ತೆಗೆಯುವುದನ್ನು ಅನೇಕರು ಕಂಡಿದ್ದಾರೆ. ಕಾಬೂಲಿನಲ್ಲಿ ಇದರ ಹೆಸರು ಕಮ್ರಾ-ಎ-ಫೌರಿ, ಅಂದರೆ ‘ತಕ್ಷಣದ ಕ್ಯಾಮರಾ’. ಪೆಟ್ಟಿಗೆಯೇ ಕ್ಯಾಮರಾ, ಅದೇ ಕತ್ತಲೆಕೋಣೆ. ಒಳಗೆ ಡೆವಲಪರಿನದೊಂದು ತಟ್ಟೆ, ಹೈಪೋವಿನದೊಂದು ತಟ್ಟೆ. ಛಾಯಾಗ್ರಾಹಕನು ಫಿಲ್ಮಿಗೆ ಬದಲಾಗಿ ಪ್ರಿಂಟು ಹಾಕುವ ಕಾಗದವನ್ನೇ ಒಳಗಿರಿಸಿ, ಮಸೂರದ ಮುಚ್ಚಳವನ್ನು ಕೈಯಿಂದಲೇ ತೆಗೆದು ಮುಚ್ಚುತ್ತಾನೆ. ತೋಳಿನೊಳಗೆ ಕೈಯಿಟ್ಟು ಕಾಗದವನ್ನು ತೊಳೆದಾಗ ನೆಗೆಟಿವ್ ದೊರೆಯುತ್ತದೆ. ಅನಂತರ ಅದನ್ನು ಮಸೂರದ ಎದುರಿಗೆ ಒಂದು ಹಲಗೆಗೆ ಅಂಟಿಸಿ, ಅದರ ಛಾಯಾಚಿತ್ರವನ್ನು ತೆಗೆಯುತ್ತಾನೆ! ನೆಗೆಟಿವಿನ ನೆಗೆಟಿವ್ ಪಾಸಿಟಿವ್ ತಾನೆ? ಗಣಿತದಲ್ಲಿ ಋಣವನ್ನು ಋಣದಿಂದ ಗುಣಿಸಿದಂತೆ. ಒಮ್ಮೆ ನೆಗೆಟಿವ್ ಕೈಗೆ ಬಂದರೆ ಗುರುತಿನ ಚೀಟಿಗೆ ಬೇಕಾದ ನಾಲ್ಕಾರು ಪ್ರತಿಗಳನ್ನು ಕಾಗದದ ಬೆಲೆಗಿಷ್ಟು ಸೇರಿಸಿ ಮಾರಬಹುದು. ಅಫ್ಘಾನಿಸ್ತಾನದಲ್ಲಿ ಈ ಕಸುಬು ಬಹುಕಾಲ ಬದುಕಿದ್ದು ಗುರುತಿನ ಚೀಟಿಗಳ ಬಲದಿಂದಲೇ.

ಮೂರನೆಯ ಉಪಾಯದ ಹಿಂದೆ ಒಂದು ಮಗುವಿನ ಪ್ರಶ್ನೆಯುಂಟು. 1943ರಲ್ಲಿ ಅಮೆರಿಕದ ಸಾಂಟಾ ಫೆ ಪಟ್ಟಣದಲ್ಲಿ ರಜೆ ಕಳೆಯುತ್ತಿದ್ದ ಎಡ್ವಿನ್ ಲ್ಯಾಂಡ್ ಎಂಬ ವಿಜ್ಞಾನಿಯನ್ನು ಅವನ ಮೂರು ವರ್ಷದ ಮಗಳು, ತೆಗೆದ ಚಿತ್ರವನ್ನು ಈಗಲೇ ಏಕೆ ನೋಡಬಾರದೆಂದು ಕೇಳಿದಳಂತೆ. 1947ರ ಫೆಬ್ರವರಿ 21ರಂದು ನ್ಯೂಯಾರ್ಕಿನ ವಿಜ್ಞಾನಿಗಳ ಸಭೆಯೊಂದರಲ್ಲಿ ಲ್ಯಾಂಡನು ಸುಮಾರು ಒಂದು ನಿಮಿಷದಲ್ಲಿ ಸಿದ್ಧವಾಗುವ ಚಿತ್ರವನ್ನು ತೋರಿಸಿದನು. 1948ರ ನವೆಂಬರಿನಲ್ಲಿ ಬಾಸ್ಟನ್ ನಗರದಲ್ಲಿ ಪೋಲರಾಯ್ಡ್ ಕ್ಯಾಮರಾ ಮಾರಾಟಕ್ಕೆ ಬಂದಿತು.

ಇಲ್ಲಿನ ಯುಕ್ತಿಯನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ಬೆಳಕು ಕಾಣದ ಬೆಳ್ಳಿಯ ಲವಣವನ್ನು ಹೈಪೋವಿನಲ್ಲಿ ಕರಗಿಸಿ ನಾವು ಚೆಲ್ಲಿಬಿಡುತ್ತೇವಷ್ಟೆ. ಲ್ಯಾಂಡನು ಈ ಚೆಲ್ಲುವ ಬೆಳ್ಳಿಯಿಂದಲೇ ಚಿತ್ರ ಮಾಡಿದನು. ನೆಗೆಟಿವಿಗೆ ಇನ್ನೊಂದು ಕಾಗದವನ್ನು ಒತ್ತಿ ಹಿಡಿದು, ನಡುವೆ ಡೆವಲಪರ್, ಕ್ಷಾರ, ಹೈಪೋಗಳು ಬೆರೆತ ಗಂಜಿಯಂಥ ದ್ರವವನ್ನು ಹರಡುವ ಏರ್ಪಾಡು ಅದು. ಆ ದ್ರವವು ಚಿಕ್ಕ ಚೀಲದಲ್ಲಿ ಮುಚ್ಚಿರುತ್ತದೆ. ಫಿಲ್ಮನ್ನು ಎಳೆದಾಗ ಎರಡು ಉರುಳೆಗಳ ನಡುವೆ ಸಿಕ್ಕಿ ಒಡೆಯುತ್ತದೆ. ಬೆಳಕು ಕಂಡ ಕಣಗಳು ನೆಗೆಟಿವಿನಲ್ಲಿಯೇ ಬೆಳ್ಳಿಯಾಗಿ ಉಳಿಯುತ್ತವೆ. ಕಾಣದ ಕಣಗಳು ಕರಗಿ, ಎದುರಿನ ಕಾಗದಕ್ಕೆ ಸಾಗಿ, ಅಲ್ಲಿ ಕಪ್ಪು ಬೆಳ್ಳಿಯಾಗುತ್ತವೆ. ಕಪ್ಪು ಕೂದಲಿನಿಂದ ಬೆಳಕು ಬರಲಿಲ್ಲ. ಆದುದರಿಂದ ಅಲ್ಲಿನ ಬೆಳ್ಳಿಯೆಲ್ಲ ಕಾಗದಕ್ಕೆ ಹೋಗಿ ಕೂದಲನ್ನು ಕಪ್ಪಾಗಿಯೇ ಬರೆಯುತ್ತದೆ. ನೆಗೆಟಿವೂ ಪ್ರಿಂಟೂ ಒಂದೇ ಕಾಲದಲ್ಲಿ ಮುಗಿದವು.

ಬಣ್ಣದ ಚಿತ್ರದಲ್ಲಿ ಸಾಗುವುದು ಬೆಳ್ಳಿಯಲ್ಲ, ವರ್ಣದ್ರವ್ಯ. 1963ರಲ್ಲಿ ಬಂದ ಪೋಲರಾಯ್ಡಿನ ಬಣ್ಣದ ಫಿಲ್ಮಿನಲ್ಲಿ ವರ್ಣದ ಅಣುವಿಗೆ ಡೆವಲಪರಿನ ಅಣುವನ್ನೇ ಕಟ್ಟಿಹಾಕಿದ್ದರು. ಬೆಳಕು ಕಂಡ ಬೆಳ್ಳಿಯ ಲವಣ ಸಿಕ್ಕಿದೆಡೆ ಈ ಜೋಡಿ ಅಣುವು ಉತ್ಕರ್ಷಣಗೊಂಡು ಅಲ್ಲಿಯೇ ಸಿಕ್ಕಿಬೀಳುತ್ತದೆ. ಸಿಗದಿದ್ದರೆ ಮೇಲಿನ ಪದರಕ್ಕೆ ಸಾಗುತ್ತದೆ. 1972ರ ಎಸ್‌ಎಕ್ಸ್-70 ಮಾದರಿಯಲ್ಲಿ ಸುಲಿಯುವ ಕಾಗದವೂ ಹೋಯಿತು. ಎಲ್ಲವೂ ಒಂದೇ ಹಾಳೆಯೊಳಗೆ ಮುಚ್ಚಿಟ್ಟು, ಹಗಲಿನ ಬೆಳಕಿನಲ್ಲಿ ಹೊರಬಂದರೂ ಕೆಡದಂತೆ ಅದರ ಮೇಲೆ ತಾತ್ಕಾಲಿಕವಾದೊಂದು ರಾಸಾಯನಿಕ ಪರದೆಯನ್ನು ಎಳೆದರು. ಕ್ಷಾರವಿರುವವರೆಗೆ ಆ ಪರದೆಯ ವರ್ಣ ಗಾಢ. ಒಳಗಿನ ಆಮ್ಲದ ಪದರವು ಕ್ಷಾರವನ್ನು ಶಮನ ಮಾಡಿದ ಮೇಲೆ ತಿಳಿ. ನಮ್ಮ ದೃಷ್ಟಿಯಲ್ಲಿ ಇಡೀ ಛಾಯಾಗ್ರಹಣದಲ್ಲಿಯೇ ಇಷ್ಟು ಸೊಗಸಾದ ಯೋಜನೆ ಇನ್ನೊಂದಿಲ್ಲ.

ಈಗ ಸಂಪಾದನೆಯ ಮಾತು. ಒಂದು ಹಾಳೆಗೆ 100 ರೂಪಾಯಿ ಬೀಳುವುದೆಂದೂ, ಚಿತ್ರವನ್ನು 200 ರೂಪಾಯಿಗೆ ಮಾರುವನೆಂದೂ ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳೋಣ. ಹತ್ತು ಹಾಳೆಗೆ ಬಂಡವಾಳ 1000. ಎಲ್ಲವೂ ಮಾರಿದರೆ ಲಾಭ 1000. ಗಿರಾಕಿ ಕಣ್ಣು ಮುಚ್ಚಿದ್ದರಿಂದ ಎರಡು ಕೆಟ್ಟುವು, ಒಬ್ಬನು ‘ನಾನು ಹೀಗಿಲ್ಲ’ ಎಂದು ಬಿಟ್ಟುಹೋದನು ಎನ್ನಿ. ಏಳರಿಂದ ಬಂದುದು 1400, ಉಳಿದುದು 400. ಹತ್ತರಲ್ಲಿ ಮೂರು ಕೆಟ್ಟರೆ ಲಾಭದಲ್ಲಿ ಐದನೆಯ ಮೂರು ಭಾಗ ಕರಗಿತು. ಎರಡನೆಯ ಪ್ರತಿ ಬೇಕೆಂದು ಕೇಳಿದರೆ ಮತ್ತೊಂದು ಹಾಳೆಯ ಪೂರ್ತಿ ಬೆಲೆ. ಮರದ ಪೆಟ್ಟಿಗೆಯವನಾದರೋ ತಪ್ಪನ್ನು ನೆಗೆಟಿವಿನಲ್ಲಿಯೇ ಕಂಡು ಒಂದು ತುಂಡು ಕಾಗದವನ್ನಷ್ಟೇ ಕಳೆದುಕೊಳ್ಳುತ್ತಿದ್ದನು.

ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ತಗಡಿನವನು ತನ್ನ ಪದರವನ್ನು ತಾನೇ ಬಳಿಯುತ್ತಿದ್ದನು. ಪೆಟ್ಟಿಗೆಯವನಿಗೆ ಕಾಗದವೂ ಹೈಪೋವೂ ಯಾವ ಕಂಪನಿಯದಾದರೂ ಆದೀತು. ತಕ್ಷಣದ ಫಿಲ್ಮಿನವನ ಜಾಣ್ಮೆಯೆಲ್ಲ ಬೇರೆಯವರ ಕಾರ್ಖಾನೆಯಲ್ಲಿದೆ. 2008ರಲ್ಲಿ ಪೋಲರಾಯ್ಡ್ ಕಂಪನಿಯು ಈ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸಿದಾಗ, ಕ್ಯಾಮರಾಗಳು ಸುಸ್ಥಿತಿಯಲ್ಲಿದ್ದರೂ ಅವುಗಳಿಗೆ ಹೊಸ ಹಾಳೆ ಬರುವುದು ನಿಂತಿತು. ನೆದರ್‌ಲ್ಯಾಂಡ್ಸಿನ ಎನ್‌ಸ್ಕೆಡೆಯಲ್ಲಿದ್ದ ಕಾರ್ಖಾನೆಯ ಯಂತ್ರಗಳನ್ನು ಕೆಲವರು ಕೊಂಡು ಉಳಿಸಿದರು. ಆದರೆ ಹಿಂದಿನ ಅನೇಕ ರಾಸಾಯನಿಕಗಳು ದೊರೆಯದೆ ಪಾಕವನ್ನೇ ಹೊಸದಾಗಿ ಕಂಡುಹಿಡಿಯಬೇಕಾಯಿತು. ಹೊಸ ಫಿಲ್ಮು 2010ರಲ್ಲಿ ಬಂದಿತು. ಪಾಸ್‌ಪೋರ್ಟ್ ಚಿತ್ರಗಳಿಗೆ ಬಳಕೆಯಲ್ಲಿದ್ದ ಸುಲಿಯುವ ಬಗೆಯ ಫಿಲ್ಮನ್ನು ಫ್ಯೂಜಿಫಿಲ್ಮ್ 2016ರಲ್ಲಿ ಕೈಬಿಟ್ಟಿತು. ಅದೇ ಕಂಪನಿಯು 1998ರಲ್ಲಿ ತಂದ ಇನ್‌ಸ್ಟಾಕ್ಸ್ ಹಾಳೆಗಳು ಇಂದೂ ದೊರೆಯುತ್ತವೆ. ಕಾಲೇಜಿನ ಉತ್ಸವಗಳಲ್ಲಿ ಚಿತ್ರ ತೆಗೆದು ನಾಲ್ಕು ಕಾಸು ಗಳಿಸಬೇಕೆನ್ನುವ ವಿದ್ಯಾರ್ಥಿಯ ಕೈಗೆ ಸುಲಭವಾಗಿ ಸಿಗುವುದು ಇದೇ.

ಅಂಥವರು ಉಷ್ಣತೆಯ ಕಡೆಗೆ ಗಮನ ಕೊಡಬೇಕು. ವರ್ಣದ ಅಣುಗಳು ಪದರದಿಂದ ಪದರಕ್ಕೆ ಸಾಗುವ ವೇಗವು ಬಿಸಿಯನ್ನು ಅವಲಂಬಿಸಿದೆ. ಇನ್‌ಸ್ಟಾಕ್ಸ್ ಹಾಳೆಗೆ 5ರಿಂದ 40 ಡಿಗ್ರಿ ಸೆಲ್ಸಿಯಸ್ ಮಿತಿಯೆಂದು ಹೇಳಲಾಗಿದೆ. ಇಂದಿನ ಪೋಲರಾಯ್ಡ್ ಹಾಳೆಗೆ 13ರಿಂದ 28 ಮಾತ್ರ. ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಎರಡನೆಯದು ಹಳದಿ ಕೆಂಪುಗಳ ಕಡೆಗೆ ವಾಲಿದರೆ ದೋಷ ಕ್ಯಾಮರಾದ್ದಲ್ಲ. ಹೊರಬಂದ ಹಾಳೆಯನ್ನು ಗಾಳಿಗೆ ಅಲ್ಲಾಡಿಸುವ ರೂಢಿಯೂ ಬೇಡ. ಸುಲಿಯುವ ಫಿಲ್ಮಿನ ಒದ್ದೆ ಚಿತ್ರವನ್ನು ಒಣಗಿಸುವ ಕಾಲದ ಅಭ್ಯಾಸವದು. ಮುಚ್ಚಿದ ಹಾಳೆಯಲ್ಲಿ ಒಣಗುವಂಥದೇನೂ ಹೊರಗಿಲ್ಲ, ಒಳಗಿನ ದ್ರವ ಮಾತ್ರ ಕದಡೀತು. ಸಂಶಯವುಳ್ಳವರು ಒಂದೇ ದೃಶ್ಯದ ಎರಡು ಚಿತ್ರ ತೆಗೆದು, ಒಂದನ್ನು ತಣ್ಣೀರಿನ ಬಾಟಲಿಗೆ ಒರಗಿಸಿ, ಇನ್ನೊಂದನ್ನು ಅಂಗಿಯ ಒಳಜೇಬಿನಲ್ಲಿಟ್ಟು, ಹತ್ತು ನಿಮಿಷಗಳ ಅನಂತರ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬಣ್ಣಗಳನ್ನು ಹೋಲಿಸಿ ನೋಡಬಹುದು.