ಮಿತವ್ಯಯವೂ ಕಲ್ಲಿದ್ದಲಿನ ಪ್ರಶ್ನೆಯೂ

ಒಂದು ಪದಾರ್ಥವನ್ನು ಮಿತವಾಗಿ ಬಳಸಿದರೆ ಅದು ಹೆಚ್ಚು ಕಾಲ ಉಳಿಯುವುದೆಂಬುದು ಎಲ್ಲರೂ ಒಪ್ಪುವ ಮಾತು. ಮನೆಯ ಉಗ್ರಾಣದ ಮಟ್ಟಿಗೆ ಇದು ನಿಜವೂ ಹೌದು. ದೇಶದ ಉಗ್ರಾಣಕ್ಕೂ ಈ ನಿಯಮವು ಸಲ್ಲುವುದೇ? ಸಲ್ಲದೆಂದು ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞನು ೧೮೬೫ರಲ್ಲಿ ‘ಕಲ್ಲಿದ್ದಲಿನ ಪ್ರಶ್ನೆ’ ಎಂಬ ಗ್ರಂಥವನ್ನು ಬರೆದು ವಾದಿಸಿದನು. ಆಗ ಅವನಿಗೆ ೨೯ ವರ್ಷ ವಯಸ್ಸು.

ಆ ಕಾಲದ ಇಂಗ್ಲೆಂಡಿನ ಐಶ್ವರ್ಯವು ಕಲ್ಲಿದ್ದಲಿನ ಮೇಲೆ ನಿಂತಿದ್ದಿತು. ಗಿರಣಿ, ರೈಲು, ಹಡಗು, ಕುಲುಮೆ ಎಲ್ಲಕ್ಕೂ ಅದೇ ಆಹಾರ. ಗಣಿಗಳು ಆಳವಾದಂತೆಲ್ಲ ಅಗೆತದ ವೆಚ್ಚವು ಏರುವುದೆಂಬ ಭಯವಿದ್ದರೂ, ‘ಯಂತ್ರಗಳು ದಿನೇ ದಿನೇ ಸುಧಾರಿಸುತ್ತಿವೆ, ಮುಂದೆ ಇಷ್ಟು ಇದ್ದಲು ಬೇಕಾಗುವುದಿಲ್ಲ’ ಎಂದು ಅನೇಕರು ಸಮಾಧಾನ ತಂದುಕೊಂಡಿದ್ದರು. ಜೆವನ್ಸನು ಈ ಸಮಾಧಾನವನ್ನೇ ಕೆಡವಿದನು.

ಅದಕ್ಕಾಗಿ ಅವನು ಚರಿತ್ರೆಯನ್ನು ಸಾಕ್ಷಿಗೆ ಕರೆದನು. ೧೭೧೨ರ ನ್ಯೂಕೊಮೆನ್ನನ ಯಂತ್ರವು ಇದ್ದಲನ್ನು ನುಂಗಿಹಾಕುತ್ತಿದ್ದುದರಿಂದ ಹೆಚ್ಚಾಗಿ ಗಣಿಗಳ ನೀರೆತ್ತುವುದಕ್ಕೆ ಮಾತ್ರ ಬಳಕೆಯಾಗುತ್ತಿತ್ತು. ೧೭೬೯ರಲ್ಲಿ ಜೇಮ್ಸ್ ವಾಟ್ ಹಕ್ಕುಪತ್ರ ಪಡೆದ ಸುಧಾರಣೆಯು ಆ ಇದ್ದಲಿನಲ್ಲಿ ಅರ್ಧಕ್ಕಿಂತಲೂ ಹೆಚ್ಚನ್ನು ಉಳಿಸಿತು. ಕಾರ್ನ್‌ವಾಲಿನ ಗಣಿಗಳವರಿಂದ ವಾಟ್ ಮತ್ತು ಅವನ ಪಾಲುದಾರ ಬೋಲ್ಟನ್ನರು ಉಳಿದ ಇದ್ದಲಿನ ಬೆಲೆಯ ಮೂರನೆಯ ಒಂದು ಪಾಲನ್ನೇ ಗೌರವಧನವಾಗಿ ಪಡೆಯುತ್ತಿದ್ದರೆಂಬುದು ಸ್ವಾರಸ್ಯದ ಸಂಗತಿ. ಇಷ್ಟು ಉಳಿಸಿದ ಯಂತ್ರದಿಂದ ಇದ್ದಲಿನ ಖರ್ಚು ತಗ್ಗಿತೇ? ಯಂತ್ರವು ಅಗ್ಗವಾಗಿ ನಡೆಯತೊಡಗಿದುದರಿಂದಲೇ ಅದು ಗಣಿಯಿಂದ ಹೊರಬಂದು ನೂಲಿನ ಗಿರಣಿಗಳನ್ನು ಹೊಕ್ಕಿತು. ಸ್ಕಾಟ್ಲೆಂಡಿನ ಕಬ್ಬಿಣದ ಕಥೆ ಇನ್ನೂ ಸ್ಪಷ್ಟ. ಕುಲುಮೆಗೆ ಕಾಯಿಸಿದ ಗಾಳಿಯನ್ನು ಊದುವ ವಿಧಾನವನ್ನು ೧೮೨೮ರಲ್ಲಿ ನೀಲ್ಸನ್ನನು ಕಂಡುಹಿಡಿದ ತರುವಾಯ, ಒಂದು ಟನ್ನು ಕಬ್ಬಿಣಕ್ಕೆ ಬೇಕಾಗುವ ಇದ್ದಲು ಹಿಂದಿನದರ ಮೂರನೆಯ ಒಂದು ಪಾಲಿಗಿಂತಲೂ ಕೆಳಗಿಳಿಯಿತು. ೧೮೩೦ರಿಂದ ೧೮೬೩ರವರೆಗೆ ಅಲ್ಲಿ ಸುಟ್ಟ ಒಟ್ಟು ಇದ್ದಲು ಮಾತ್ರ ಹತ್ತು ಪಟ್ಟಾಯಿತೆಂದು ಜೆವನ್ಸನು ತೋರಿಸಿದನು.

ಇದು ಹೇಗೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ಒಂದು ಗಿರಣಿಯು ೧೦೦ ಟನ್ನು ಇದ್ದಲು ಸುಟ್ಟು ೧,೦೦೦ ತಾನು ಬಟ್ಟೆಯನ್ನು ನೇಯುವುದೆಂದು ಇಟ್ಟುಕೊಳ್ಳಿ. ಹೊಸ ಯಂತ್ರ ಬಂದು ಅಷ್ಟೇ ಬಟ್ಟೆಗೆ ೫೦ ಟನ್ನು ಸಾಕಾಯಿತು; ಬಟ್ಟೆಯ ಬೆಲೆ ಇಳಿಯಿತು. ಈಗ ೧,೫೦೦ ತಾನು ಮಾರಾಟವಾದರೆ ೭೫ ಟನ್ನು ಬೇಕು: ಉಳಿತಾಯದಲ್ಲಿ ಅರ್ಧ ಹೋಯಿತು. ೨,೦೦೦ ಮಾರಾಟವಾದರೆ ಮತ್ತೆ ೧೦೦ ಟನ್ನು. ೩,೦೦೦ಕ್ಕೆ ಏರಿದರೆ ೧೫೦ ಟನ್ನು! ಎಲ್ಲವೂ ಬೆಲೆ ಇಳಿದಾಗ ಬೇಡಿಕೆಯು ಎಷ್ಟು ಹಿಗ್ಗುವುದೆಂಬುದನ್ನು ಅವಲಂಬಿಸಿದೆ. ಇದನ್ನೇ ಅರ್ಥಶಾಸ್ತ್ರದಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತೆ ಎನ್ನುವರು. ಉಪ್ಪಿನ ಬೆಲೆ ಇಳಿಯಿತೆಂದು ಯಾರೂ ಸಾರಿಗೆ ಎರಡು ಹಿಡಿ ಉಪ್ಪು ಹಾಕುವುದಿಲ್ಲ. ಬೆಳಕು, ಪ್ರಯಾಣ, ನೀರು ಇವುಗಳ ಮಾತು ಬೇರೆ.

ಬೆಳಕಿನ ವಿಷಯವಾಗಿ ಫೂಕೆ ಮತ್ತು ಪಿಯರ್ಸನ್ ಎಂಬ ಇಬ್ಬರು ವಿದ್ವಾಂಸರು ೨೦೦೬ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ನೋಡಬಹುದು. ಬ್ರಿಟನ್ನಿನಲ್ಲಿ ೧೮೦೦ಕ್ಕೆ ಹೋಲಿಸಿದರೆ ೨೦೦೦ನೆಯ ವರ್ಷದಲ್ಲಿ ಬೆಳಕಿನ ವೆಚ್ಚವು ಮೂರು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗಿದ್ದಿತು. ತಲೆಗೆ ಬಳಕೆಯಾಗುತ್ತಿದ್ದ ಬೆಳಕು ೬,೫೦೦ ಪಟ್ಟು ಹೆಚ್ಚಿದ್ದಿತು. ನೀರಿನಲ್ಲಿಯೂ ಇದನ್ನು ಕಾಣಬಹುದು. ಅಮೆರಿಕದ ಕಾನ್ಸಾಸ್ ಪ್ರಾಂತದಲ್ಲಿ ಅಂತರ್ಜಲವನ್ನು ಉಳಿಸಲೆಂದು, ನೀರನ್ನು ಬೆಳೆಯ ಸಮೀಪದಲ್ಲಿಯೇ ಚಿಮುಕಿಸುವ ಹೊಸ ಸಾಧನಗಳಿಗೆ ಸರಕಾರವು ಸಹಾಯಧನವಿತ್ತಿತು. ರೈತರು ಹೆಚ್ಚು ನೀರು ಬೇಡುವ ಬೆಳೆಗಳ ಕಡೆಗೆ ತಿರುಗಿದರು. ಒಟ್ಟಿನಲ್ಲಿ ಎತ್ತಿದ ನೀರು ಹೆಚ್ಚಿತೆಂದು ೨೦೧೪ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿದೆ.

ಆದಕಾರಣ ಮಿತವ್ಯಯವೇ ವ್ಯರ್ಥವೆಂದು ಯಾರೂ ಭಾವಿಸಬಾರದು. ಮನೆಯ ದೀಪ, ಕಾರು ಮುಂತಾದವುಗಳಲ್ಲಿ ಸಾಮಾನ್ಯವಾಗಿ ಉಳಿತಾಯದ ಒಂದು ಪಾಲು ಮಾತ್ರ ಹೀಗೆ ಮರಳಿ ವ್ಯಯವಾಗುವುದೆಂದು ಅನೇಕ ಸಂಶೋಧಕರ ಅಭಿಪ್ರಾಯ. ಇಡೀ ದೇಶದ ಮಟ್ಟದಲ್ಲಿ ಅದು ಎಷ್ಟೆಂಬುದು ಇನ್ನೂ ಚರ್ಚೆಯಲ್ಲಿದೆ. ಅಲ್ಲದೆ ಬಡವನ ಮನೆಯಲ್ಲಿ ದೀಪವು ಅಗ್ಗವಾಗಿ, ಮಗುವು ರಾತ್ರಿ ಇನ್ನೊಂದು ಗಂಟೆ ಓದಿದರೆ ಅದನ್ನು ದುಂದು ಎನ್ನಲು ನನ್ನ ಮನಸ್ಸೊಪ್ಪದು. ಅದೇ ದೀಪವು ಅಂಗಡಿಯ ಜಾಹೀರಾತಿನ ಫಲಕದಲ್ಲಿ ಬೆಳಗಿನವರೆಗೆ ಉರಿದರೆ ಆಗ ಬೇರೆ ಮಾತು.

ಜೆವನ್ಸನ ಭವಿಷ್ಯವಾಣಿಯೆಲ್ಲ ಫಲಿಸಲಿಲ್ಲ. ಅಂದಿನ ವೇಗವೇ ಮುಂದುವರಿದರೆ ೧೯೬೧ರಲ್ಲಿ ಬ್ರಿಟನ್ನಿಗೆ ಸುಮಾರು ೨೬೦ ಕೋಟಿ ಟನ್ನು ಇದ್ದಲು ಬೇಕಾದೀತೆಂದು ಅವನು ಲೆಕ್ಕ ಹಾಕಿದ್ದನು. ನಿಜವಾಗಿ ಅಲ್ಲಿಯ ಉತ್ಪಾದನೆಯು ೧೯೧೩ರಲ್ಲಿ ೨೯ ಕೋಟಿ ಟನ್ನಿನ ಸಮೀಪಕ್ಕೆ ಏರಿ ಇಳಿಯತೊಡಗಿತು. ಪೆಟ್ರೋಲಿಯಮ್ಮಿಗೆ ಅವನು ತಕ್ಕ ಬೆಲೆ ಕೊಡಲಿಲ್ಲ. ೨೦೨೪ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಕೊನೆಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೂ ಮುಚ್ಚಿತು. ಕಾಗದವೂ ಮುಗಿದುಹೋದೀತೆಂಬ ಅಂಜಿಕೆಯಿಂದ ಅವನು ಕೂಡಿಟ್ಟ ಕಾಗದದ ರಾಶಿಯು, ಅವನು ತೀರಿಕೊಂಡು ೫೦ ವರ್ಷಗಳಾದರೂ ಮಕ್ಕಳಿಗೆ ಮುಗಿದಿರಲಿಲ್ಲವೆಂದು ಕೇನ್ಸ್ ಪಂಡಿತನು ಬರೆದಿದ್ದಾನೆ!

ಹಾಗಾದರೆ ಉಳಿತಾಯವು ಉಳಿಯುವ ಬಗೆ ಹೇಗೆ? ಯಂತ್ರವು ಸುಧಾರಿಸಿದಾಗ ಬಳಕೆಯು ಅತಿಯಾಗಿ ಅಗ್ಗವಾಗದಂತೆ ತೆರಿಗೆಯಿಂದ ಬೆಲೆಯನ್ನು ಹಿಡಿದಿಡುವುದು ಒಂದು ಮಾರ್ಗ. ಎತ್ತುವ ನೀರಿಗೆ, ಅಗೆಯುವ ಇದ್ದಲಿಗೆ ನೇರವಾಗಿ ಮಿತಿಯನ್ನು ಹಾಕುವುದು ಇನ್ನೊಂದು. ಭಾರತ ಸರಕಾರವು ೨೦೧೦ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ ೫೦ ರೂಪಾಯಿಯಂತೆ ಉಪಕರವನ್ನು ವಿಧಿಸಿ, ೨೦೧೬ರಲ್ಲಿ ಅದನ್ನು ೪೦೦ಕ್ಕೆ ಏರಿಸಿದ್ದುಂಟು. ಜೆವನ್ಸನಾದರೋ ಬೇರೊಂದು ಸಲಹೆಯನ್ನಿತ್ತಿದ್ದನು: ಇದ್ದಲು ಅಗ್ಗವಾಗಿರುವಾಗಲೇ ದೇಶದ ಸಾಲವನ್ನು ತೀರಿಸಬೇಕು, ಇದ್ದಲನ್ನು ನಾವು ಸುಟ್ಟು, ಸಾಲವನ್ನು ಮೊಮ್ಮಕ್ಕಳಿಗೆ ಬಿಡಬಾರದು.

ಈ ಪಾಠವನ್ನು ಓದಿದ ವಿದ್ಯಾರ್ಥಿಗಳು ಮನೆಯಲ್ಲಿ ಒಂದು ಅಭ್ಯಾಸವನ್ನು ಮಾಡಬಹುದು. ೬೦ ವಾಟಿನ ಹಳೆಯ ಬಲ್ಬು ದಿನಕ್ಕೆ ೫ ಗಂಟೆಯಂತೆ ೩೦ ದಿನ ಉರಿದರೆ ೯ ಯೂನಿಟ್ಟು. ೯ ವಾಟಿನ ಎಲ್‌ಇಡಿ ದೀಪವಾದರೆ ೧.೩೫ ಯೂನಿಟ್ಟು. ಈಗ ನಿಮ್ಮ ಮನೆಯಲ್ಲಿ ಎಷ್ಟು ದೀಪಗಳಿವೆ, ದಿನಕ್ಕೆ ಎಷ್ಟು ಹೊತ್ತು ಉರಿಯುತ್ತವೆ ಎಂಬುದನ್ನು ಬರೆದುಕೊಳ್ಳಿ. ಹಿಂದೆ ಎಷ್ಟಿದ್ದವೆಂದು ತಾಯಿತಂದೆಗಳನ್ನು ಕೇಳಿ, ಎರಡು ಲೆಕ್ಕಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ.